ಪಕ್ಕದ ಮನೆಯವಳ ಹೂವಿನ ಕೇಸು

ಹಡಗಲಿಯಲ್ಲಿ ನಮ್ಮ ಪಕ್ಕದ ಮನೆಯವಳು ಮಲ್ಲಿಗೆ ಕಟ್ಟಿ ಮಾರುತ್ತಿದ್ದಳು. ಊರ ಸುದ್ದಿಯೆಲ್ಲ ಹೇಳುತ್ತಲೇ ಕಟ್ಟುವಳು, ಕೈ ಕಡೆ ನೋಡುತ್ತಲೇ ಇರಲಿಲ್ಲ. ಏನೇ ಆಗಲಿ, "ಅದಕ್ಯಾಕ ಅಳೋದು?" ಎನ್ನುವಳು. ಬಸ್ಸು ಮಗುಚಿ ಬಲಗೈ ಬೆರಳು ಮಡಚದಂತಾದಾಗಲೂ ಅದೇ ಮಾತು. ಆಮೇಲೆ ಹೂವು ನಾನು ಕಟ್ಟಿದೆ, ಅವಳು ಮಾರಿದಳು. ನನ್ನದು ಕುರಿ ಕಾಯ್ದ ಕೈ, ಗಂಟು ನಿಲ್ಲುತ್ತಿರಲಿಲ್ಲ.

ಪರಿಹಾರದ ಕೇಸು ನಡೆದಾಗ ಬುಟ್ಟಿ ಸಮೇತ ಕೋರ್ಟಿಗೆ ಹೋದೆವು. ಎದುರು ವಕೀಲ ಬುಟ್ಟಿ ತೋರಿಸಿ, "ಇಷ್ಟು ಹೂವ ಕಟ್ಟಿಯಲ್ಲವ್ವ, ಕೈ ನೆಟ್ಟಗೈತಿ ಅಂತಾತು" ಅಂದ. ಪರಿಹಾರ ಹೋಯಿತು ಅಂದುಕೊಂಡೆ. ಅವಳು ನಕ್ಕಳು.

"ಇದನ್ನ ನಾ ಕಟ್ಟೀನೇನ್ರಿ? ಅಗಾ, ಅಲ್ಲಿ ಕುಂತಾಳಲ್ಲ ನಮ್ಮಕ್ಕ, ಆಕಿ ಕಟ್ಯಾಳ. ನೋಡ್ರಿ ಸಾಹೇಬ್ರ!"

ಎಡಗೈಯಲ್ಲಿ ಮಾಲೆ ಎತ್ತಿ ಜಾಡಿಸಿದಳು. ಹೂವೆಲ್ಲ ಉದುರಿ ಬರೀ ದಾರ ಉಳಿಯಿತು. ಜಡ್ಜ್ ಸಾಹೇಬರೂ ನಕ್ಕರು. ನನಗೆ ಮಾತ್ರ ಸಿಟ್ಟು ಬಂತು.

ಪರಿಹಾರ ಮಂಜೂರಾದ ದಿನ ಕೋರ್ಟಿನ ಮೆಟ್ಟಿಲಿಳಿಯುತ್ತ ನನ್ನ ಬೆನ್ನಿಗೊಂದು ಗುದ್ದಿದಳು.

"ಯಕ್ಕಾ, ಕೇಸು ಗೆದ್ವಿ. ಇನ್ ಮ್ಯಾಲರ ಗಟ್ಟಿ ಕಟ್ಟು."