ತಾಮ್ರದ ಕಾಸಿನ ಮೇಲೊಂದು ಕರೀ ಚುಕ್ಕೆ

ನಾಣ್ಯಗಳಿಗೆ ಅಂಕ ಕೊಡುವ ಆ ಕಚೇರಿಯಲ್ಲಿ ಅವನಿಗೆ ಬಾಯಿಬಡಕ ಎಂದೇ ಹೆಸರು. ಪಾಪ, ಅಲ್ಲಿ ಬಾಯಿ ಬಿಡುವಂತೆಯೇ ಇರಲಿಲ್ಲ. ನಾಣ್ಯದ ಮೇಲೆ ಮಾತಾಡಿದರೆ ಎಂಜಲು ಸಿಡಿಯುತ್ತದೆ. ಆಗ ಕಣ್ಣಿಗೂ ಕಾಣದ ಹನಿ, ನಾಲ್ಕೈದು ತಿಂಗಳಾದ ಮೇಲೆ ತಾಮ್ರದ ಮೇಲೆ ಕರೀ ಚುಕ್ಕೆಯಾಗಿ ಎದ್ದು ಕೂರುತ್ತದೆ. ಅದಕ್ಕೇ ಅಲ್ಲಿ ಎಲ್ಲರೂ ಮಾತಾಡುವ ಮುಂಚೆ ಮುಖವನ್ನು ಭುಜದ ಕಡೆ ತಿರುಗಿಸುತ್ತಿದ್ದರು. ಇವನಿಗಂತೂ ಅದು ಎಷ್ಟು ಮೈಗೆ ಹತ್ತಿತ್ತೆಂದರೆ, ಮನೆಯಲ್ಲಿ ಉಪ್ಪು ಕೇಳುವಾಗಲೂ ಗೋಡೆ ನೋಡಿಕೊಂಡೇ ಕೇಳುತ್ತಿದ್ದ.

ಕೆಲಸ ನೋಡುವುದಕ್ಕೆ ಸುಲಭ. ಪರದೆ ಎಳೆದ ಕೋಣೆ, ಮೇಜಿಗೊಂದು ದೀಪ, ಕೈಗೊಂದು ಭೂತಗನ್ನಡಿ. ಕಾಸನ್ನು ಅಂಚಿನಲ್ಲಿ ಹಿಡಿದು ದೀಪದಡಿ ಓಲಾಡಿಸಿ, ಗೀರು, ಸವೆತ, ಹೊಳಪು ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಒಂದಕ್ಕೆ ಅರ್ಧ ನಿಮಿಷ, ದಿನಕ್ಕೆ ಐದಾರು ನೂರು. ಮೂವರು ಬೇರೆ ಬೇರೆಯಾಗಿ ನೋಡಿದ ಮೇಲೆ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸೀಲು ಮಾಡುತ್ತಾರೆ. ಕಲಿಯುವವರಿಗೆ ಗಂಟೆ ಲೆಕ್ಕದ ಸಂಬಳ, ಬಸ್ ಡ್ರೈವರಿಗಿಂತ ಕಡಿಮೆ. ಖಾಯಂ ಆದರೆ ಅದರ ಎರಡರಷ್ಟು. ಸ್ವಂತಕ್ಕೆ ಒಂದು ಹಳೇ ನಾಣ್ಯ ಕೊಂಡು ಮಾರುವಂತೆಯೂ ಇಲ್ಲ.

“ನಮ್ಮ ಅಳಿಯಂದ್ರು ದಿನಾ ಕೈತುಂಬ ದುಡ್ಡು ಹಿಡ್ಕೊಂಡಿರ್ತಾರೆ. ಸಂಜೆಗೆ ಎಲ್ಲಾ ಅಲ್ಲೇ ಇಟ್ಟು ಬರ್ತಾರೆ,” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಮೂರು ವರ್ಷ ಹೀಗೇ ಕಳೆದು, ಖಾಯಂ ಆಗಲು ಒಂದೇ ವಾರ ಬಾಕಿ ಇದ್ದಾಗ ಒಂದು ತಾಮ್ರದ ಕಾಸು ವಾಪಸ್ ಬಂತು. ಸೀಲು ಮಾಡಿ ಕೊಟ್ಟಾಗ ಕೆಂಪಗೆ ಹೊಳೆಯುತ್ತಿದ್ದ, ಕಾಸಿನ ಮೇಲಿನ ರಾಣಿಯ ಕೆನ್ನೆ ಮೇಲೆ ಈಗ ಕರೀ ಚುಕ್ಕೆ. ಡಬ್ಬಿಯ ಸೀಲು ಹಾಗೇ ಇದೆ, ಹಾಗಾದರೆ ಎಂಜಲು ಯಾರದು ಎಂದು ಕಾಸಿನ ಮಾಲೀಕ ಬರೆದಿದ್ದ.

ಬಾಯಿಬಡಕ ಡಬ್ಬಿಯ ಚೀಟಿಯಲ್ಲಿ ಅಂಕ ಹಾಕಿದ ತಾರೀಖು ನೋಡಿದ. ಐದು ತಿಂಗಳ ಹಿಂದೆ, ಮಗಳು ಹುಟ್ಟಿದ ದಿನ. ರಿಸೆಪ್ಷನ್ನಿನಾಕೆ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದಾಗ ಇವನ ಮುಂದೆ ತಟ್ಟೆ ತುಂಬ ತಾಮ್ರದ ಕಾಸುಗಳಿದ್ದವು. ಮುಖ ತಿರುಗಿಸುವುದನ್ನೇ ಮರೆತು, ನಂಗೆ ಹೆಣ್ಣು ಮಗು ಅಂತ ಪಕ್ಕದ ಮೇಜಿನ ಅಕ್ಕನಿಗೆ ಆ ತಟ್ಟೆಯ ಮೇಲೇ ಕೂಗಿ ಹೇಳಿದ್ದ. ಸಾಲದ್ದಕ್ಕೆ ಗಹಗಹಿಸಿ ನಕ್ಕಿದ್ದ.

ಸುಮ್ಮನಿದ್ದುಬಿಡು, ನಾನೇನೂ ಕೇಳಿಸಿಕೊಂಡಿಲ್ಲ ಎಂದಳು ಅಕ್ಕ. ಆದರೂ ಎರಡು ದಿನ ಇವನು ಹೆಂಡತಿಗೆ ಅದನ್ನೇ ಹೇಳಿಕೊಂಡು ಮನೆಯೊಳಗೆ ಸುತ್ತುತ್ತಿದ್ದ. ಕೊನೆಗೆ ಹೆಂಡತಿಯೇ ಹೇಳಿದಳು: “ಹೋಗಿ ಹೇಳ್ಬಿಡಿ. ಕೆಲಸ ಹೋದ್ರೆ ಹೋಯ್ತು. ಈ ಮುಖ ಹೊತ್ಕೊಂಡು ಮನೇಲಿ ತಿರುಗಾಡೋದನ್ನ ನನ್ನಿಂದ ನೋಡಕ್ಕಾಗಲ್ಲ.”

ಮೂರನೆಯ ದಿನ ಹೋಗಿ ಹೇಳಿದ. ಕೊನೆಯ ಸಹಿ ಹಾಕುವ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಪೂರ್ತಿ ಕೇಳಿ, ಕಂಪ್ಯೂಟರನ್ನು ಇವನ ಕಡೆ ತಿರುಗಿಸಿದರು. ಕಾಸು ಕಚೇರಿಗೆ ಬಂದ ದಿನವೇ, ಯಾರ ಮೇಜಿಗೂ ಹೋಗುವ ಮೊದಲು ತೆಗೆದ ಫೋಟೋ. ದೊಡ್ಡದು ಮಾಡುತ್ತಾ ಹೋದಂತೆ ರಾಣಿಯ ಕೆನ್ನೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಕಾಣಿಸಿತು.

“ಹಾಗಾದ್ರೆ ನಂದಲ್ವಾ ಸರ್?”

“ನಿನ್ನ ಎಂಜಲಿಗೆ ಅಷ್ಟು ಭಾಗ್ಯ ಎಲ್ಲಿದೆಯಯ್ಯಾ? ಬರುವಾಗಲೇ ಇತ್ತು. ನಾವು ಮೂರು ಜನಾನೂ ಕಣ್ಣಿದ್ದೂ ನೋಡಿಲ್ಲ. ನಾನೂ ಸೇರಿ.”

ಆ ತಟ್ಟೆಯ ಉಳಿದ ಕಾಸುಗಳಲ್ಲಿ ಒಂದೂ ವಾಪಸ್ ಬಂದಿಲ್ಲ ಎಂದೂ ಅವರೇ ಹೇಳಿದರು. ಮಾಲೀಕನಿಗೆ ಕಂಪನಿ ಪರಿಹಾರ ಕೊಡುತ್ತದೆ, ಶನಿವಾರ ಬಂದು ಖಾಯಂ ಪತ್ರಕ್ಕೆ ಸಹಿ ಹಾಕು, ಇನ್ನೊಂದು ಮಗು ಆದಾಗ ಮಾತ್ರ ಹೊರಗೆ ಹೋಗಿ ಕೂಗು ಎಂದರು. ಇವನು ಕೇಳದೆಯೇ ಅವರ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟ.

ಸಂಜೆ ಮನೆಗೆ ಬಂದಾಗ ಮಗಳು ಚಾಪೆಯ ಮೇಲೆ ಕಾಲಾಡಿಸುತ್ತಿದ್ದಳು. ಅಪ್ಪನ ದನಿ ಕೇಳಿದ್ದೇ ತಡ, ಎಂದಿನಂತೆ ಗೋಡೆ ಕಡೆ ನೋಡಿದಳು. ಅಪ್ಪ ಮಾತಾಡುವುದು ಗೋಡೆಯ ಜೊತೆ ಎಂದೇ ಅವಳು ಐದು ತಿಂಗಳಿಂದ ತಿಳಿದಿದ್ದಳು. ಅವನು ಅವಳನ್ನು ಎತ್ತಿಕೊಂಡು, ಮುಖಕ್ಕೆ ಮುಖ ಕೊಟ್ಟು, ಮೇಷ್ಟ್ರ ಕೋಣೆಯ ಕತೆಯನ್ನೆಲ್ಲ ಮೊದಲಿಂದ ಹೇಳತೊಡಗಿದ.

“ಮಗು ಮುಖದ ಮೇಲೆ ಎಂಜಲು ಹಾರ್ತಿದೆ ರೀ,” ಎಂದಳು ಹೆಂಡತಿ.

“ಹಾರ್ಲಿ ಬಿಡು,” ಎಂದು ಅವನು ಮುಂದುವರಿಸಿದ.