ಹುಣಸೆಹಣ್ಣು ಕಟ್ಟಿದ ಗಾಳದ ಕೋಲು

ಕಳೆದ ಬೇಸಿಗೆಯವರೆಗೂ ನನ್ನ ಅಕ್ಕ ಸಂಭಾಜಿನಗರದಿಂದ ನಾಸಿಕ್‌ನ ನಮ್ಮ ಮನೆಗೆ ಬರುವಾಗ ಕುಡಿಯುವ ನೀರನ್ನು ತಾನೇ ತರುತ್ತಿದ್ದಳು. ಸ್ಟೀಲಿನ ದೊಡ್ಡ ಬಾಟಲಿ, ಜೊತೆಗೆ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಯಲ್ಲಿ ನೀರಿಗೆ ಬರವಿರಲಿಲ್ಲ, ಬರ ಬಂದಿದ್ದು ನನ್ನ ಮರ್ಯಾದೆಗೆ. ನಾನು ಮೀನು ಹಿಡಿಯುತ್ತೇನೆಂದು ಗೊತ್ತಾದ ದಿನದಿಂದ ಅವಳು ನಮ್ಮಲ್ಲಿ ಒಂದು ಗುಟುಕು ನೀರನ್ನೂ ಮುಟ್ಟಿರಲಿಲ್ಲ. ಬಾಟಲಿ ಖಾಲಿಯಾಯಿತೆಂದರೆ ಭೇಟಿ ಮುಗಿದಂತೆ, ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಿದ್ದಳು. ಬಿಸಿಲು ಜೋರಾಗಿದ್ದ ದಿನ ಊಟದ ಹೊತ್ತಿಗೇ ನಮಗೆ ಅವಳ ಬೆನ್ನು ಕಾಣುತ್ತಿತ್ತು.

ನಾವು ಬೀದರ್ ಕಡೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಮೀನಿನ ಹುಚ್ಚು ನನಗೆ ಹತ್ತಿದ್ದು ಇಲ್ಲಿನ ಕಾರ್ಖಾನೆಯ ಜೊತೆಗಾರರಿಂದ. ಆದರೆ ನನ್ನಷ್ಟು ಸಾಧು ಬೇಟೆಗಾರ ಈ ಜಿಲ್ಲೆಯಲ್ಲೇ ಸಿಗಲಾರ. ಎರೆಹುಳ ಮುಟ್ಟುವುದಿಲ್ಲ, ಗಾಳಕ್ಕೆ ಗೋಧಿ ಹಿಟ್ಟಿನ ಕಣಕ. ಸಿಕ್ಕ ಮೀನನ್ನು ತಿನ್ನುವುದಿಲ್ಲ, ನೀರಿಗೇ ಬಿಡುತ್ತೇನೆ. ಇದನ್ನೆಲ್ಲ ವಿವರಿಸಿದಾಗ ಅಕ್ಕ ಒಂದೇ ಮಾತು ಕೇಳಿದ್ದಳು.

"ತಿನ್ನಂಗಿಲ್ಲ ಅಂದ್ರ ಹಿಡಿಯೋದ್ಯಾಕ? ಅದರ ಬಾಯಿಗಿ ಮುಳ್ಳು ಚುಚ್ಚಿ, ಆಮ್ಯಾಲ ಹೋಗಿ ಬಾ ಅಂತ ಕಳಸೋದ್ಯಾಕ?"

ನಾನು ಸಿಟ್ಟು ಮಾಡಿಕೊಂಡಿದ್ದೆ. ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ನಾನಿದ್ದದ್ದು ಅಕ್ಕನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಿಂದದ್ದು ಅವಳು ಬಡಿದ ರೊಟ್ಟಿ. ಅಂಥವಳು ನನ್ನ ಮನೆಯ ಸೋಫಾದಲ್ಲಿ ಕೂತು ತನ್ನ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನೋಡಲಾಗದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಹಾಗಂತ ಮೀನು ಹಿಡಿಯುವುದನ್ನು ಬಿಡುವಷ್ಟು ಒಳ್ಳೆಯವನೂ ನಾನಲ್ಲ.

ಅದನ್ನು ಬಿಡಿಸಲು ಹೊರಟದ್ದು ನನ್ನ ಮಣಿಕಟ್ಟು. ಹೊಸದಾಗಿ ತಂದ ಉದ್ದನೆಯ ಕೋಲಿಗೆ ಮೂತಿಯೇ ಭಾರ, ಹಿಡಿದ ಕೈ ಸದಾ ಅದನ್ನು ಮೇಲೆತ್ತಿ ಹಿಡಿಯಬೇಕು. ಒಂದು ಸಂಜೆ ಕಳೆಯುವಷ್ಟರಲ್ಲಿ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಎಸೆತವೂ ಅಷ್ಟಕ್ಕಷ್ಟೆ, ದಾರಕ್ಕೆ ಕಟ್ಟಿದ ತೇಲುವ ಬೆಂಡು ನನ್ನ ನೆರಳಿನಾಚೆ ಬೀಳುತ್ತಲೇ ಇರಲಿಲ್ಲ. "ಕೈ ನೋವಂತ ಹಾಲಿನ ಪಾಕೀಟು ಎತ್ತಂಗಿಲ್ಲ, ಆ ಬಡಿಗಿ ಹ್ಯಾಂಗ ಎತ್ತತೀರಿ?" ಎಂದು ಹೆಂಡತಿ ಕೇಳುತ್ತಿದ್ದಳು. ಜೊತೆಗಾರರು ಹಿಂಬದಿಗೆ ತೂಕ ಕಟ್ಟಲು ಹೇಳಿದರು. ಮೊದಲೇ ಭಾರ ಎಂದು ಒದ್ದಾಡುವವನಿಗೆ ಇನ್ನಷ್ಟು ಭಾರ ಹೊರು ಎನ್ನುತ್ತಾರಲ್ಲ ಎಂದು ಬೈದುಕೊಂಡೆ.

ಆದರೂ ಒಂದು ಭಾನುವಾರ ಹಾಲ್‌ನಲ್ಲಿ ಕೂತು, ಕೋಲನ್ನು ಒಂದು ಬೆರಳ ಮೇಲೆ ನಿಲ್ಲಿಸಲು ನೋಡುತ್ತಿದ್ದೆ. ಅದು ಮತ್ತೆ ಮತ್ತೆ ಮೂತಿ ಇಳಿಸುತ್ತಿತ್ತು. ಅಂದೇ ಬಂದಿಳಿದ ಅಕ್ಕ ಎದುರಿಗೆ ಕೂತು ಮುಖ ತಿರುಗಿಸಿಕೊಂಡಿದ್ದಳು. ಆದರೆ ಸಮವಿಲ್ಲದ ದಂಡಿಗೆ ಕಂಡರೆ ಅವಳ ಕಣ್ಣು ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಅಷ್ಟು ಕಾಲ ತಕ್ಕಡಿ ಹಿಡಿದವಳು. ಈಗ ಅಂಗಡಿಗೆ ಎಲೆಕ್ಟ್ರಾನಿಕ್ ತೂಕದ ಕಾಟಾ ಬಂದು ಅವಳ ಕೈಗೆ ಕೆಲಸವಿಲ್ಲ.

"ಅದರ ಚಕ್ರ ಎಲ್ಲದ? ದಾರ ಸುತ್ತೋದು?" ಎಂದು ಗೋಡೆಗೆ ಕೇಳಿದಳು.

"ಎಣ್ಣಿ ಹಚ್ಚಲಾಕ ಬಿಚ್ಚಿಟ್ಟೀನಿ ಅಕ್ಕಾ."

"ತಟ್ಟಿ ಬಿಚ್ಚಿಟ್ಟು ತಕ್ಕಡಿ ಸಮ ಮಾಡೋ ಶಾಣ್ಯಾನ್ನ ಇವತ್ತೇ ನೋಡ್ದೆ."

ರೀಲನ್ನು ಕೂಡಿಸಿದೆ. ದಾರ, ಬೆಂಡು, ಸೀಸದ ಗುಂಡು ಎಲ್ಲ ಕಟ್ಟಿಸಿದಳು. ಗಾಳವನ್ನು ಮಾತ್ರ ಬಿಚ್ಚಿ ಡಬ್ಬಿಗೆ ಹಾಕಿಸಿದಳು. ಅದಿದ್ದರೆ ತಾನು ಮುಟ್ಟುವುದಿಲ್ಲವಂತೆ. ಆಮೇಲೆ ಅಡುಗೆಮನೆಯ ಕಡೆ ಕೂಗಿದಳು: "ಏ ತಂಗಿ, ಒಂದೀಟು ಹುಣಸಿಹಣ್ಣು ತಾ."

"ಸಾರಿಗೇನ್ರಿ ಅಕ್ಕಾ?"

"ಸಾರಿಗಲ್ಲ, ನಿನ್ನ ಗಂಡನ ಕೋಲಿಗಿ."

ನಮ್ಮ ಅಡುಗೆಮನೆಯಿಂದ ಅಕ್ಕ ಏನನ್ನಾದರೂ ಕೇಳಿದ್ದು ಎಷ್ಟು ದಿನವಾಗಿತ್ತೋ! ಹೆಂಡತಿ ನನ್ನ ಮುಖ ನೋಡಿ, ಡಬ್ಬಿಯನ್ನೇ ಎತ್ತಿಕೊಂಡು ಬಂದಳು.

ತಕ್ಕಡಿಯ ಹಗುರಾದ ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿ ಸಮ ಮಾಡುವುದು ಹಳೆಯ ಅಂಗಡಿಗಳ ರೂಢಿ, ಈ ಕಡೆಯವರು ಅದಕ್ಕೆ ಪಾಸಂಗ ಎನ್ನುತ್ತಾರೆ. ಅಕ್ಕ ಒಂದು ಉಂಡೆಯನ್ನು ಹಳೆಯ ಕರ್ಚೀಫಿನಲ್ಲಿ ಸುತ್ತಿ ಕೋಲಿನ ಬುಡಕ್ಕೆ ಕಟ್ಟಿದಳು. ಬುಡ ಕೆಳಗಿಳಿಯಿತು. ಬಿಚ್ಚಿ ಚಿವುಟಿದಳು, ಕಟ್ಟಿದಳು, ಮತ್ತೆ ಚಿವುಟಿದಳು. ಕೊನೆಗೆ ರೀಲಿನ ತುಸು ಮುಂದೆ ನನ್ನ ಬೆರಳ ಮೇಲೆ ಕೋಲು ಅಲುಗದೆ ಮಲಗಿತು. ಕೈಗೆತ್ತಿಕೊಂಡರೆ ಮೂತಿಯ ಜಗ್ಗಾಟವೇ ಇಲ್ಲ. ತೂಕ ಹೆಚ್ಚಿದೆ, ಕೈಗೆ ಹಗುರಾಗಿದೆ. ಜೊತೆಗಾರರನ್ನು ಬೈದದ್ದನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

"ತೂಗಿ ನೋಡದೇ ಸಮ ಆಗ್ಯಾದ ಅನಬಾರ್ದು. ಮುಳ್ಳು ಹ್ಯಾಂಗೂ ಇಲ್ಲ, ಬೀಸಿ ನೋಡೋಣ ನಡಿ," ಎಂದು ಅಕ್ಕ ಎದ್ದಳು.

ಸ್ಕೂಟರಿನ ಮೇಲೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿಗೆ ಹೊರಟೆವು. ಕೋಲನ್ನು ಎರಡು ತುಂಡಾಗಿ ಬಿಚ್ಚಬಹುದು, ಆದರೆ ತೂಕ ಕೆಡುತ್ತದೆಂದು ಅಕ್ಕ ಬಿಚ್ಚಲು ಬಿಡಲಿಲ್ಲ. ಹಿಂದೆ ಕೂತ ಅವಳ ತೊಡೆಯ ಮೇಲೆ ಬಾಟಲಿ, ಕೈಯಲ್ಲಿ ಆಕಾಶಕ್ಕೆ ನೆಟ್ಟಗೆ ನಿಂತ ಕೋಲು. ಸಿಗ್ನಲ್ಲಿನಲ್ಲಿ ನಿಂತಾಗ ಎಲ್ಲರೂ ತಲೆಯೆತ್ತಿ ನೋಡಿದರು.

ಗಾಳವಿಲ್ಲದ ದಾರದ ತುದಿಯ ಸೀಸದ ಗುಂಡಿಗೆ ಕಣಕ ಮೆತ್ತಿ ಬೀಸಿದೆ. ಬೆಂಡು ಹೋಯಿತು ನೋಡಿ, ನಾನು ಎಂದೂ ಎಸೆಯದಷ್ಟು ದೂರ! ಮಣಿಕಟ್ಟು ಗಪ್‌ಚುಪ್. ನೀರಿಗೆ ಬೆನ್ನು ಹಾಕಿ ಕೂತಿದ್ದ ಅಕ್ಕ ತಿರುಗಿದಳು. "ತಾ ಇಲ್ಲಿ," ಎಂದಳು.

ಅವಳ ಮೊದಲ ಎಸೆತ ಹಿಂದಿನ ಜಾಲಿಯ ಗಿಡಕ್ಕೆ ಸಿಕ್ಕಿಕೊಂಡಿತು. ಎರಡನೆಯದು ನನ್ನ ಚಪ್ಪಲಿಯ ಮೇಲೆ ಬಿತ್ತು. "ತೋಳು ಬ್ಯಾಡ ಅಕ್ಕಾ, ಬರೇ ಮಣಿಕಟ್ಟು," ಎಂದು ತೋರಿಸಿದೆ. ಆಮೇಲಿನದು ನೇರ ನೀರಿಗೆ ಹೋಗಿ ಕೂತಿತು. ತುಸು ಹೊತ್ತಿಗೆ ಬೆಂಡು ಕುಣಿಯತೊಡಗಿತು.

"ತಮ್ಮಾ! ತಿನ್ಲಿಕತ್ತಾವ ನೋಡೋ! ಕಣಕ ತಿನ್ಲಿಕತ್ತಾವ!"

ಕಣಕ ಮೆತ್ತುವುದು, ಎಸೆಯುವುದು, ಬೆಂಡು ಕುಣಿದರೆ ನಗುವುದು. ಮುಳ್ಳಿಲ್ಲ, ಪಾಪವಿಲ್ಲ. "ಇದು ದಾಸೋಹ ಆತಲ್ಲೋ!" ಎಂದಳು. ಜಂಗಮರಿಗೆ ಬಡಿಸುವಾಗಲೂ ಅವಳ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಕೋಲು ನನ್ನದು, ನನ್ನ ಸರದಿಯೇ ಬರಲಿಲ್ಲ. ಅವಳು ಬೀಸುವುದನ್ನು ನೋಡುತ್ತ ಕೂತಾಗ, ಯಾಕೆ ಹಿಡಿಯುತ್ತೀ ಎಂಬ ಅವಳ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ನನಗೂ ಬೇಕಾಗಿದ್ದದ್ದು ಆ ಬೀಸು, ಆ ಕುಣಿತ. ಮೀನು ಕೈಗೆ ಬಂದ ಮೇಲೆ ಏನು ಮಾಡಬೇಕೆಂದು ನನಗೆ ಯಾವತ್ತೂ ತಿಳಿದಿರಲಿಲ್ಲ.

ಪ್ರತಿ ಸಲ ಕಣಕ ಮೆತ್ತಿದ ಮೇಲೂ ಅಕ್ಕ ಕೈ ತೊಳೆಯುತ್ತಿದ್ದಳು. ಮೀನಿರುವ ನೀರಿಗೆ ಕೈ ಹಾಕುವವಳಲ್ಲ, ತನ್ನ ಬಾಟಲಿಯಿಂದಲೇ ತೊಳೆದಳು. ಕಣಕ ಮುಗಿಯುವ ಹೊತ್ತಿಗೆ ಬಾಟಲಿಯೂ ಬರಿದಾಗಿತ್ತು. ಅದನ್ನು ಕಂಡೂ ಕಾಣದಂತೆ ನಾನು ದಾರ ಸುತ್ತಿದೆ.

ಮನೆಗೆ ಬಂದು ಸೋಫಾದಲ್ಲಿ ಕೂತಾಗ ಅವಳ ತುಟಿ ಒಣಗಿತ್ತು. ಚೀಲ ಬಾಗಿಲ ಬಳಿಯೇ ಇತ್ತು. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ನೀರು ಬೇಕೇ ಎಂದು ಕೇಳಿ, ಬೇಡ ಅನ್ನಿಸಿಕೊಳ್ಳಲು ಇಬ್ಬರಿಗೂ ಧೈರ್ಯವಿರಲಿಲ್ಲ.

"ಈ ಮನ್ಯಾಗ ಬಂದವರಿಗಿ ನೀರು ಕೊಡೋ ಪದ್ಧತಿ ಅದನೋ ಇಲ್ಲೋ?" ಎಂದಳು ಅಕ್ಕ.

ಹೆಂಡತಿ ಓಡಿ ತಂಬಿಗೆ ತಂದಳು. ಅಕ್ಕ ಕಣ್ಣು ಮುಚ್ಚಿಕೊಂಡು, ತಂಬಿಗೆ ಇಳಿಸದೆ ಕುಡಿದಳು. ನಾನು ಕೋಲು ಮೂಲೆಗಿಡುವ ನೆಪದಲ್ಲಿ ಒಳಗೆ ಹೋದೆ. ಗಾಳದ ಡಬ್ಬಿಯನ್ನು ಯಾರೂ ಹೇಳದೆಯೇ ಅಟ್ಟಕ್ಕೆ ಎಸೆದೆ. ಅಕ್ಕ ಅಂದು ಉಳಿದಳು.

ಬೆಳಿಗ್ಗೆ ನೋಡಿದರೆ ಕೋಲಿನ ಬುಡದ ಹುಣಸೆಹಣ್ಣಿಗೆ ಇರುವೆಗಳು ಮುತ್ತಿದ್ದವು. "ಕಾರ್ಖಾನ್ಯಾಗ ಇಷ್ಟೇ ತೂಕದ ಕಬ್ಬಣ ಸಿಗಂಗಿಲ್ಲೇನು?" ಎಂದು ಬೈಯುತ್ತ ಅಕ್ಕ ಅವನ್ನು ಒಂದೊಂದಾಗಿ ಊದಿ ಓಡಿಸಿದಳು. ಹೊರಡುವಾಗ ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು.

"ತುಂಬಿ ಕೊಡು. ಬಸ್ಸಿನ್ಯಾಗ ನೀರಡಕಿ ಆಗ್ತದ."