ವಿಮಾನದ ಡಿಗ್ರಿ, ಅಮ್ಮನ ತವರಿನ ಕಣ್ಣು

ಪಿಯುಸಿ ಮುಗಿದಾಗ ನನಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿತ್ತು. ಕೋಡಿಹಳ್ಳಿ ಪಕ್ಕದ ನಮ್ಮೂರಿನಲ್ಲಿ ಅದು ಸಣ್ಣ ಮಾತಲ್ಲ. ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಲೇ, "ಅದ್ಕೇ ಸೇರ್ಕೊ ಮಗ, ಕೈಗೆ ಸಿಕ್ಕಿರೋದು ಬುಡ್ಬೇಡ" ಅಂದಳು. ನಾನು ಕೇಳಲಿಲ್ಲ. ಬೆಂಗಳೂರಿನ ಹೊರಗಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ನಮ್ಮ ಕಾಲೇಜಿಗೆ ಬಂದು, ಮೂರು ವರ್ಷದ ಏವಿಯೇಷನ್ ಡಿಗ್ರಿ, ಅದರೊಳಗೇ ಪೈಲಟ್ ತರಬೇತಿ ಎಂದು ಆಸೆ ಹುಟ್ಟಿಸಿ ಹೋಗಿದ್ದರು.

ಅಪ್ಪ ಕನಕಪುರದ ಕಡೆ ಬಸ್ ಡ್ರೈವರ್. ಮಾತು ಕಡಿಮೆ. ಆದರೆ ಅವತ್ತು ಮಾತ್ರ, "ನಾನು ಬಸ್ ಓಡಿಸ್ದೆ, ನನ್ ಮಗ ವಿಮಾನ ಓಡಿಸ್ಲಿ ಬುಡು" ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಮನೆ ಕಟ್ಟಲು ಕನಕಪುರದಲ್ಲಿ ತೆಗೆದಿಟ್ಟಿದ್ದ ಸೈಟನ್ನು ಆ ತಿಂಗಳೇ ಮಾರಿದರು.

ಅಡ್ಮಿಷನ್ ಆಫೀಸಿನಲ್ಲಿ ಟೈ ಕಟ್ಟಿಕೊಂಡಿದ್ದ ಒಬ್ಬರು ನಮಗೆ ಕಾಫಿ ತರಿಸಿದರು. ಚಿಕ್ಕಂದಿನಲ್ಲಿ ನನಗೆ ಕಿವಿ ಸೋರುತ್ತಿತ್ತು. ಅದೇ ಅಳುಕಿನಲ್ಲಿ, "ಸರ್, ಮೆಡಿಕಲ್ ಟೆಸ್ಟ್ ಇರುತ್ತಲ್ವಾ? ಮೊದಲು ಅದನ್ನು ಮಾಡಿಸ್ಕೊಂಡು ಬರ್ಲಾ?" ಎಂದು ಕೇಳಿದೆ.

"ಅದೆಲ್ಲ ಫಾರ್ಮಾಲಿಟಿ. ಫ್ಲೈಯಿಂಗ್ ಶುರುವಾಗೋ ಹೊತ್ತಿಗೆ ನಾವೇ ಮಾಡಿಸ್ತೀವಿ. ಈಗ ಸೀಟು ಹಿಡ್ಕೊಳ್ಳಿ, ಎರಡೇ ಉಳಿದಿವೆ."

"ಕಣ್ ಪರೀಕ್ಷೆ ನಮ್ಗೂ ಐತೆ ಸಾರ್," ಎಂದರು ಅಪ್ಪ. "ನನ್ ಮಗ ಅಷ್ಟು ದೂರದ ಬಸ್ಸಿನ ಬೋರ್ಡ್ ಓದ್ತಾನೆ." ಆ ಮನುಷ್ಯ ನಕ್ಕು ಫಾರಂ ಮುಂದೆ ಸರಿಸಿದ. ಸಹಿ ಹಾಕಿದೆವು.

ಎರಡು ವರ್ಷ ತರಗತಿಯಲ್ಲೇ ಕಳೆಯಿತು. ಮೋಡ, ಗಾಳಿ, ನಕ್ಷೆ, ನಿಯಮ. ಕಲಿಕೆಯಲ್ಲಿ ಸುಳ್ಳಿರಲಿಲ್ಲ, ನಾನೂ ಚೆನ್ನಾಗಿಯೇ ಓದಿದೆ. ಹೆಗಲ ಮೇಲೆ ಪಟ್ಟಿ ಇರುವ ಬಿಳಿ ಶರ್ಟು ಕೊಟ್ಟಿದ್ದರು. ಶನಿವಾರ ಊರಿಗೆ ಹೋಗುವಾಗ ಅದನ್ನೇ ಹಾಕಿಕೊಂಡು ಬರಬೇಕೆಂದು ಅಪ್ಪ ಹೇಳುತ್ತಿದ್ದರು. ಅವರ ಬಸ್ಸಿನಲ್ಲೇ ಕೂತರೆ ಕಂಡಕ್ಟರು, "ಏನ್ಲಾ ಕ್ಯಾಪ್ಟನ್ನು" ಅಂತಿದ್ದ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಒಂದು ಮೈದಾನಕ್ಕೆ ಕರೆದೊಯ್ದು, ಪುಟ್ಟ ವಿಮಾನದಲ್ಲಿ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತು ನಿಮಿಷ ಸುತ್ತಿಸಿದರು. ಕೆಳಗೆ ಕೆರೆಯೊಂದು ಹೊಳೆಯುತ್ತಿತ್ತು. ನನ್ನ ಪಾಲಿಗೆ ಬಂದ ಹಾರಾಟ ಅಷ್ಟೇ.

ಮೂರನೇ ವರ್ಷದ ಹೊಸ್ತಿಲಲ್ಲಿ ಮೆಡಿಕಲ್ಲಿಗೆ ಕಳಿಸಿದರು. ಅಪ್ಪ ರಜೆ ಹಾಕಿ ಜೊತೆಗೆ ಬಂದಿದ್ದರು. ಕಿವಿ ಸರಿಯಿತ್ತು, ಎದೆ ಸರಿಯಿತ್ತು. ಕೊನೆಗೆ ವಯಸ್ಸಾದ ಡಾಕ್ಟರೊಬ್ಬರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, "ಇಲ್ಲಿ ಯಾವ ನಂಬರ್ ಇದೆ ಹೇಳು" ಅಂದರು.

"ನಂಬರ್ ಇಲ್ಲ ಸರ್."

ಅವರು ಪುಟ ತಿರುವಿದರು. ಅಲ್ಲೂ ಇರಲಿಲ್ಲ. ಏಳೆಂಟು ಪುಟ ಆದ ಮೇಲೆ ಪುಸ್ತಕ ಮುಚ್ಚಿ ಅಪ್ಪನನ್ನು ಒಳಕ್ಕೆ ಕರೆದರು. ಕೆಂಪು ಹಸಿರು ನನಗೆ ಸರಿಯಾಗಿ ಬೇರೆಯಾಗುವುದಿಲ್ಲ, ಇದಕ್ಕೆ ಔಷಧಿಯಿಲ್ಲ, ಪೈಲಟ್ ಆಗುವುದು ಆಗದ ಮಾತು ಎಂದರು. "ಇದು ಕಾಯಿಲೆ ಅಲ್ಲ. ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತೆ." ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದ್ದು. ಅಪ್ಪನಿಗೆ ಕೊನೆಯ ಮಾತೊಂದೇ ಕೇಳಿಸಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ನಿಮ್ಮಪ್ಪಂಗೆ ಬಣ್ಣ ಕಾಣ್ತಿತ್ತೇನಮ್ಮಿ?" ಎಂದು ಅಮ್ಮನನ್ನು ಕೇಳಿದರು.

ಅಮ್ಮನಿಗೆ ಯಾಕೆಂದು ತಿಳಿಯಲಿಲ್ಲ. ನಕ್ಕೊಂಡೇ ಹೇಳಿದಳು. "ಅಯ್ಯೋ, ನಮ್ ತವರು ಉಯ್ಯಂಬಳ್ಳೀಲಿ ಟೊಮೇಟೊ ಕೀಳಾಕೆ ಅವರನ್ನ ಬುಡ್ತಾನೇ ಇರ್ಲಿಲ್ಲ. ಕಾಯೆಲ್ಲ ಕಿತ್ಬುಡೋರು. ಇವನೂ ಹಂಗೇ ಅಲ್ವಾ, ಅಮುಕಿ ನೋಡಿ ಕೀಳ್ತಾನೆ."

ಅಪ್ಪ ವಿಷಯ ಹೇಳಿದಾಗ ಅವಳ ಮುಖದ ನಗು ಇದ್ದಲ್ಲೇ ನಿಂತಿತು. ನಾನು ಆಗ ಸುಮ್ಮನಿರಬಹುದಿತ್ತು. "ಮೊದ್ಲೇ ಹೇಳ್ಬಾರ್ದಿತ್ತಾ?" ಅಂದೆ.

"ಅದೊಂದು ದೋಷ ಅಂತ ನಂಗೇನ್ ಗೊತ್ತಿತ್ತು ಮಗ? ಒಸಿ ಮಂಕು ಅನ್ಕೊಂಡಿದ್ವಿ."

ಕಾಲೇಜಿಗೆ ಹೋಗಿ ಕೇಳಿದರೆ, ಅದೇ ಟೈ ಕಟ್ಟಿದವರು ಫಾರಮ್ಮಿನ ಒಂದು ಸಾಲು ತೋರಿಸಿದರು. ವೈದ್ಯಕೀಯ ಅರ್ಹತೆ ವಿದ್ಯಾರ್ಥಿಯದೇ ಹೊಣೆ ಎಂದಿತ್ತು, ಕೆಳಗೆ ನನ್ನ ಸಹಿ. ಕಾಫಿ ತರಿಸಲಿಲ್ಲ. ಹಾರಾಟ ಬಿಟ್ಟು ಉಳಿದದ್ದನ್ನು ಮುಗಿಸಿ ಡಿಗ್ರಿ ತೆಗೆದುಕೊಂಡೆ. ವಿಮಾನ ನಿಲ್ದಾಣದಲ್ಲಿ ಲಗೇಜು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದಕ್ಕೆ ಯಾವ ಡಿಗ್ರಿಯಾದರೂ ನಡೆಯುತ್ತಿತ್ತು.

ನಾಲ್ಕು ವರ್ಷದ ನಂತರ ತಂಗಿಗೆ ದೊಡ್ಡಮಳೂರಿನ ಕಡೆಯಿಂದ ಸಂಬಂಧ ಬಂತು. ಹುಡುಗ ಮೇಷ್ಟ್ರು, ತಂಗಿಗೂ ಒಪ್ಪಿಗೆಯಿತ್ತು. ಉಪ್ಪಿಟ್ಟು, ಕಾಫಿ ಎಲ್ಲ ಆಗಿ, ದಿನ ಗೊತ್ತು ಮಾಡುವ ಮಾತು ಬರುತ್ತಿದ್ದಂತೆ, ಅಮ್ಮ ಹುಡುಗನ ತಾಯಿಯ ಹತ್ತಿರ ಹೋಗಿ ಕೂತಳು.

"ಒಂದು ಹೇಳ್ಬುಡ್ತೀನಿ ಕಣಕ್ಕ. ನಮ್ ಕಡೆ ಬಣ್ಣ ಕಾಣ್ದಿರೋ ಕಣ್ಣೈತೆ. ನಂಗಿಲ್ಲ, ನನ್ ಮಗನಿಗೆ ಬಂತು. ಮಗಳ ಮಕ್ಕಳಿಗೂ ಬಂದ್ರೆ ಬರ್ಬೋದು. ಆಮೇಲೆ ಮುಚ್ಚಿಟ್ರು ಅನ್ಬಾರ್ದು."

ಆ ಹೆಂಗಸು ನನ್ನ ಕಣ್ಣನ್ನೇ ನೋಡಿದಳು. ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಎಂದು ಎದ್ದರು. ಹೇಳಿ ಕಳಿಸಲಿಲ್ಲ.

ಅವರ ಕಾರು ತಿರುವು ದಾಟುವವರೆಗೆ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು, "ಒಂದ್ಸಲ ಬಾಯ್ ಮುಚ್ಕೊಂಡು ಮಗನ್ನ ಹಾಳ್ ಮಾಡ್ದೆ. ಈಗ ಬಾಯ್ ಬುಟ್ಟು ಮಗಳನ್ನ" ಅಂದರು.

ಅಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿದಳು. ಮೊದಲು ಪರೀಕ್ಷೆ ಮಾಡಿಸದೆ ಸಹಿ ಹಾಕಿದವರು ನಾವಿಬ್ಬರು ಗಂಡಸರು, ಅವಳಲ್ಲ ಎಂದು ಹೇಳಲು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಹೇಳಲಿಲ್ಲ. ರಾತ್ರಿಯ ಶಿಫ್ಟಿಗೆ ಹೊತ್ತಾಯಿತು ಎಂದು ಬ್ಯಾಗು ತೆಗೆದುಕೊಂಡೆ.

ಬಸ್ ನಿಲ್ದಾಣದವರೆಗೆ ತಂಗಿ ಸ್ಕೂಟರಿನಲ್ಲಿ ಬಿಟ್ಟಳು. ನಾನು ಇಳಿದ ಮೇಲೆ, "ಆ ಮನೆ ತಪ್ಪಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಣ್ಣ" ಅಂದಳು. "ಅಪ್ಪ ಅಮ್ಮನ್ನ ಹಂಗಂದಾಗ ನೀನು ಸುಮ್ನೆ ಕೂತಿದ್ದೆಯಲ್ಲ, ಅದಕ್ಕೇ ಬೇಜಾರು."

ತಂಗಿ ಈಗ ರಾಮನಗರದಲ್ಲಿ ನರ್ಸು, ಮದುವೆಯ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ. ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದಾರೆ, ಊಟಕ್ಕೆ ಕರೆಯುವಷ್ಟೇ ಮಾತು. ಯಾರಾದರೂ ನನ್ನ ಬಗ್ಗೆ ಕೇಳಿದರೆ ಅಪ್ಪ "ವಿಮಾನದಲ್ಲವ್ನೆ" ಅನ್ನುತ್ತಾರಂತೆ. ಅಮ್ಮ ಅದನ್ನು ತಿದ್ದುವುದಿಲ್ಲ. ನಾನೂ ತಿದ್ದಿಲ್ಲ.